161ನೇ ರ‍್ಯಾಂಕಿಗೆ ನಿಂತುಹೋದ ಇಟಲಿಯ ಟೆನಿಸ್ ಆಟಗಾರ ವಾನ್ಯೋತ್ಸಿ, ಮುಂದೆ ಜಗತ್ತಿನ ನಂಬರ್ ಒನ್ ಆದ ಸಿನ್ನರ್‌ನ ಕೋಚ್ ಆದದ್ದು ಹೇಗೆ? ನಾನೂ ಈಗಲೇ ಕೋಚಿಂಗ್‌ಗೆ ಇಳಿಯಬಹುದೇ, ಮೊದಲು ರ‍್ಯಾಂಕಿಂಗ್ ಗಳಿಸಬೇಕೇ?

ನಿಮ್ಮನ್ನು ಕೋಚ್ ಆಗಿ ಕರೆದ ಆ ಹುಡುಗಿಯ ತಂದೆಗೆ "ಮೊದಲು ಐನೂರರೊಳಗೆ ಬಂದುಬಿಡ್ತೀನಿ ಸಾರ್, ಆಮೇಲೆ ನೋಡೋಣ" ಅಂತ ಇನ್ನೂ ಹೇಳಿಲ್ಲ ತಾನೆ? ಹೇಳಿದ್ದರೆ ಇವತ್ತೇ ಫೋನ್ ಮಾಡಿ ಆ ಮಾತನ್ನು ವಾಪಸ್ ತಗೊಳ್ಳಿ. ನನ್ನ ಉತ್ತರ ಇಷ್ಟೇ. ಉಳಿದದ್ದನ್ನು ಪುರುಸೊತ್ತಿದ್ದರೆ ಓದಿ.

ನಿಮಗೆ 25 ವರ್ಷ, ಎಟಿಪಿ (ಗಂಡಸರ ವೃತ್ತಿಪರ ಟೆನಿಸ್ ಸಂಘ) ಪಟ್ಟಿಯಲ್ಲಿ ಸಾವಿರದ ಆಚೆ ಎಲ್ಲೋ ಇದ್ದೀರಿ. ಹದಿಮೂರರ ಹುಡುಗಿಯೊಬ್ಬಳ ಜೊತೆ ಟೂರ್ನಿಗಳಿಗೆ ಓಡಾಡಲು ಕರೆ ಬಂದಿದೆ. ರ‍್ಯಾಂಕಿಂಗ್ ಇಲ್ಲದ ಕೋಚ್‌ನ ಯಾರು ನಂಬ್ತಾರೆ ಅಂತ ಅಳುಕು. ಇದೇ ಅಳುಕನ್ನು ಹೊತ್ತುಕೊಂಡು ಇಟಲಿಯಲ್ಲಿ ಅಲೆದವನು ನಾನು. ಊರು ಮೈಸೂರು, ಈಗ ಇರೋದು ಮಾರ್ಕೆ ಪ್ರಾಂತ್ಯದ ಒಂದು ಸಣ್ಣ ಕ್ಲಬ್‌ನಲ್ಲಿ. ನೀವು ಹೆಸರೆತ್ತಿದ ಸಿಮೋನೆ ವಾನ್ಯೋತ್ಸಿ ಹುಟ್ಟಿದ ಆಸ್ಕೊಲಿ ಪಿಚೆನೊ ಕೂಡ ಇದೇ ಪ್ರಾಂತ್ಯದಲ್ಲಿದೆ. ಆತನ ಪರಿಚಯ ನನಗಿಲ್ಲ. ನಮ್ಮ ಕ್ಲಬ್ಬಿನ ಬಾರ್‌ನಲ್ಲಿ ನಿಂತು ಕಾಫಿ ಕುಡಿಯುವ ಪ್ರತಿಯೊಬ್ಬನೂ "ಅವನನ್ನ ಒಂದ್ಸಲ ಸೋಲಿಸಿದ್ದೆ" ಅನ್ನುತ್ತಾನೆ, ಅದನ್ನು ಮಾತ್ರ ನಂಬಬೇಡಿ.

ನಾನು ಇಲ್ಲಿಗೆ ಬಂದದ್ದು ಆಡಲಿಕ್ಕೆ. ಇಟಲಿಯಲ್ಲಿ ಕೆಳಮಟ್ಟದ ಟೂರ್ನಿಗಳಿಗೆ ಬರವಿಲ್ಲ, ಒಂದರಿಂದ ಇನ್ನೊಂದಕ್ಕೆ ರೈಲಿನಲ್ಲೇ ಹೋಗಬಹುದು. ಮಧ್ಯೆ ಕ್ಲಬ್ಬುಗಳ ತಂಡ ಪಂದ್ಯಗಳಲ್ಲಿ ಆಡಿಕೊಟ್ಟರೆ ಕೈಖರ್ಚಿಗೆ ದುಡ್ಡು ಸಿಗುತ್ತೆ. ಕೆಂಪುಮಣ್ಣಿನ ಅಂಕಣದಲ್ಲಿ ನನ್ನ ಆಟ ಒಂಚೂರೂ ಕೂಡಿಬರಲಿಲ್ಲ, ಆದರೂ ಬಿಡಲಿಲ್ಲ. ಒಂದು ಸಂಜೆ ಕ್ಲಬ್ಬಿನ ಮುಖ್ಯ ಕೋಚ್ (ಇಲ್ಲಿ ಮಾಯೆಸ್ತ್ರೊ ಅಂತಾರೆ) ನನ್ನನ್ನು ಪಕ್ಕಕ್ಕೆ ಕರೆದು, ತಮ್ಮ ಹದಿನಾಲ್ಕರ ಒಬ್ಬ ಹುಡುಗಿಯ ಜೊತೆ ಬೇಸಿಗೆಯಿಡೀ ಹೋಗಿ ಬರ್ತೀಯಾ ಅಂದರು. ಬೆಳಿಗ್ಗೆ ಸ್ಪಾರಿಂಗ್ (ಅಭ್ಯಾಸಕ್ಕೆ ಅವಳ ಎದುರು ಆಡೋದು), ಬುಟ್ಟಿಯಿಂದ ಬಾಲ್ ಫೀಡ್ ಮಾಡೋದು, ರ‍್ಯಾಕೆಟ್‌ಗಳನ್ನು ಸ್ಟ್ರಿಂಗ್‌ಗೆ ಕೊಟ್ಟು ತರೋದು, ಮ್ಯಾಚ್ ನೋಡಿ ರಾತ್ರಿ ತಮಗೆ ವರದಿ ಒಪ್ಪಿಸೋದು. ಊಟ, ವಸತಿ, ಪ್ರಯಾಣ ಅವರದ್ದು. ಸಂಬಳ ಅಂತ ಹೇಳಿಕೊಳ್ಳುವಷ್ಟೇನಿಲ್ಲ.

ನಾನು ಬೇಡ ಅಂದೆ. ಎಲ್ಲಿ ಎಡವಿದೆ ಅನ್ನೋದನ್ನು ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಯಾಕೆಂದರೆ ನೀವು ಎಡವಲು ಹೊರಟಿರುವುದೂ ಅಲ್ಲೇ. ಬೇಡ ಅಂದದ್ದು ತಪ್ಪಲ್ಲ, ಆಡುವ ಹುಚ್ಚಿದ್ದವನು ಬೇಡ ಅನ್ನಬಹುದು. ನನಗೆ ಆಡುವ ಹುಚ್ಚು ಆಗಲೇ ಇಳಿದಿತ್ತು. ನಾನು ಹಾಕಿದ್ದು ಬರೀ ಲೆಕ್ಕ: ಇನ್ನೊಂದು ಸೀಸನ್ ಆಡಿ ಒಳ್ಳೇ ನಂಬರ್ ಮಾಡಿಕೊಂಡರೆ "ಮಾಜಿ ಎಟಿಪಿ ಆಟಗಾರ, ಇಂತಿಷ್ಟನೇ ರ‍್ಯಾಂಕ್" ಅಂತ ಕಾರ್ಡ್ ಹೊಡೆಸಬಹುದು, ಆಗ ಇದೇ ಕೆಲಸಕ್ಕೆ ದುಪ್ಪಟ್ಟು ಕೇಳಬಹುದು ಅಂತ. ಅಂದರೆ ನಾನು ಆಡುತ್ತಿದ್ದದ್ದು ಗೆಲ್ಲೋದಕ್ಕಲ್ಲ, ಬಿಟ್ಟ ಮೇಲೆ ಹೇಳಿಕೊಳ್ಳೋದಕ್ಕೆ. ಹಾಗೆ ಆಡುವವನು ಬ್ರೇಕ್ ಪಾಯಿಂಟ್ (ಎದುರಾಳಿಯ ಸರ್ವ್‌ನಲ್ಲಿ ಗೇಮ್ ಕಸಿಯುವ ಅವಕಾಶ) ಬಂದಾಗ ಏನು ಮಾಡ್ತಾನೆ ಅಂತ ನಿಮಗೆ ಗೊತ್ತಲ್ಲ? ಎರಡನೇ ಸರ್ವ್ ಬಂದರೂ ಮುಂದೆ ಹೋಗದೆ ಹಿಂದೆ ನಿಂತು ಬಾಲ್ ಒಳಗೆ ಹಾಕ್ತಾನೆ, ಎದುರಾಳಿ ತಪ್ಪು ಮಾಡಲಿ ಅಂತ ದೇವರನ್ನು ಬೇಡ್ತಾನೆ.

ಲೆಕ್ಕವಾದರೂ ಸರಿ ಇತ್ತೇ? ಅದೂ ಇಲ್ಲ. ಒಟ್ಟು 15 ಸಾವಿರ ಡಾಲರ್ ಬಹುಮಾನದ ಸಣ್ಣ ಟೂರ್ನಿಯ ಮುಖ್ಯ ಸುತ್ತಲ್ಲಿ ಒಂದು ಮ್ಯಾಚ್ ಗೆದ್ದರೆ ಒಂದು ಪಾಯಿಂಟ್. ಮೊದಲ ಸುತ್ತಲ್ಲೇ ಸೋತರೆ ಪಾಯಿಂಟ್ ಸೊನ್ನೆ, ಕೈಗೆ 156 ಡಾಲರ್, ಅದರಲ್ಲೂ ತೆರಿಗೆ ಹಿಡೀತಾರೆ. ಗಳಿಸಿದ ಪಾಯಿಂಟ್ 52 ವಾರ ಕಳೆದ ಮೇಲೆ ಪಟ್ಟಿಯಿಂದ ಉದುರಿಹೋಗುತ್ತೆ. ರ‍್ಯಾಂಕಿಂಗ್ ಅನ್ನೋದು ಹಾಲಿದ್ದ ಹಾಗೆ, ನಾಳೆಗೆ ಅಂತ ಎತ್ತಿಟ್ಟರೆ ಒಡೆದಿರುತ್ತೆ. ನನಗೆ ಹಾಗೇ ಆಯ್ತು. ಅಲ್ಲೊಂದು ಇಲ್ಲೊಂದು ಪಾಯಿಂಟ್ ಸೇರಿಸುವಷ್ಟರಲ್ಲಿ ಹಿಂದಿನ ವರ್ಷದ್ದು ಕಳಚಿಕೊಳ್ಳುತ್ತಿತ್ತು. ನಂಬರ್ ನಿಂತಲ್ಲೇ ನಿಂತಿತ್ತು. ಕೊನೆಗೆ ಭುಜ ಕೈಕೊಟ್ಟ ಮೇಲೆ ಅದೇ ಮಾಯೆಸ್ತ್ರೊ ಹತ್ತಿರ ಹೋದೆ. ಅವರು ರ‍್ಯಾಂಕ್ ಕೇಳಲಿಲ್ಲ. "ಫೆಡರೇಷನ್ ಸರ್ಟಿಫಿಕೇಟ್ ಯಾವ ಹಂತದ್ದಿದೆ?" ಅಂದರು.

ಇಟಲಿಯಲ್ಲಿ ಕಲಿಸುವವರಿಗೆ ಮೆಟ್ಟಿಲುಗಳಿವೆ. ಮೊದಲ ದರ್ಜೆಯ ತರಬೇತುದಾರ, ಎರಡನೇ ದರ್ಜೆ, ಆಮೇಲೆ ರಾಷ್ಟ್ರೀಯ ಮಾಯೆಸ್ತ್ರೊ, ಎಲ್ಲಕ್ಕೂ ಮೇಲೆ ರಾಷ್ಟ್ರೀಯ ತಾಂತ್ರಿಕ ತಜ್ಞ. ಪ್ರತಿ ಮೆಟ್ಟಿಲಿಗೂ ತರಗತಿ, ಪರೀಕ್ಷೆ. ನನ್ನ ಬಳಿ ಏನೂ ಇರಲಿಲ್ಲ. ಆ ಹುಡುಗಿಯ ಜೊತೆ ಹೋಗಿದ್ದ ನನ್ನ ರೂಮ್‌ಮೇಟ್, ಪಟ್ಟಿಯಲ್ಲಿ ನನಗಿಂತ ಕೆಳಗಿದ್ದವನು, ಅಷ್ಟರಲ್ಲಿ ಎರಡನೇ ದರ್ಜೆ ಮುಗಿಸಿದ್ದ. ನಾನು ಹತ್ತೊಂಬತ್ತರ ಹುಡುಗರ ಜೊತೆ ಮೊದಲ ದರ್ಜೆಯ ಬೆಂಚಿನಲ್ಲಿ ಕೂತೆ.

ಈಗ ವಾನ್ಯೋತ್ಸಿ ವಿಷಯ. ನಿಮ್ಮ ಪ್ರಶ್ನೆಯ ಬುಡದಲ್ಲೇ ಒಂದು ತಪ್ಪು ತಿಳಿವಳಿಕೆ ಇದೆ. 161 ಆದರೂ ಆಗಿದ್ದನಲ್ಲ, ಅದಕ್ಕೇ ಕೋಚ್ ಆದ ಅನ್ನೋ ಧಾಟಿಯಲ್ಲಿ ಬರೆದಿದ್ದೀರಿ. ಇಟಲಿಯಲ್ಲಿ 161ಕ್ಕೆ ಯಾರು ಮಣೆ ಹಾಕ್ತಾರೆ? 1983ರಲ್ಲಿ ಹುಟ್ಟಿದ ಆತ ಆ ರ‍್ಯಾಂಕಿಗೆ ಬಂದದ್ದು 2011ರಲ್ಲಿ. ವೃತ್ತಿಜೀವನದ ಬಹುಪಾಲು ಚಾಲೆಂಜರ್ ಟೂರ್ನಿಗಳಲ್ಲೇ, ಅಂದರೆ ದೊಡ್ಡ ಎಟಿಪಿ ಟೂರ್ನಿಗಳಿಗಿಂತ ಒಂದು ಮೆಟ್ಟಿಲು ಕೆಳಗೆ, ಕಳೆಯಿತು. ಆ ಮಟ್ಟದಲ್ಲಿ ದೊಡ್ಡ ಸರ್ವ್, ದೊಡ್ಡ ಫೋರ್‌ಹ್ಯಾಂಡ್ ಇಲ್ಲದವನು ಬದುಕಬೇಕಾದರೆ ಎದುರಿಗಿರುವವನನ್ನು ಓದಲೇಬೇಕು. ಯಾವ ಬಾಲ್‌ಗೆ ಅವನ ಕಾಲು ತಡವಾಗುತ್ತೆ, ಯಾವ ಸ್ಕೋರಿನಲ್ಲಿ ಅವನು ಎಲ್ಲಿಗೆ ಸರ್ವ್ ಮಾಡ್ತಾನೆ ಅಂತ. ಆ ಅಭ್ಯಾಸಕ್ಕೆ ರ‍್ಯಾಂಕಿಂಗ್ ಪಾಯಿಂಟ್ ಇಲ್ಲ, ಆದರೆ ಅದು ಒಡೆಯೋದಿಲ್ಲ.

ಆತ ಮೊದಲು ಹೆಸರು ಮಾಡಿದ್ದು ಸಿನ್ನರ್‌ನಿಂದಲ್ಲ, ಆಗ ತನ್ನ ಶಿಷ್ಯನಾಗಿದ್ದ ಪಲೆರ್ಮೊದ ಮಾರ್ಕೊ ಚೆಕಿನಾಟೊನಿಂದ. 2018ರ ಏಪ್ರಿಲ್‌ನಲ್ಲಿ ಚೆಕಿನಾಟೊ ಬುಡಾಪೆಸ್ಟ್‌ನಲ್ಲಿ ಅರ್ಹತಾ ಸುತ್ತಲ್ಲೇ ಸೋತು, ಬೇರೆಯವರು ಹಿಂದೆ ಸರಿದದ್ದರಿಂದ ಒಳಗೆ ಬಂದು, ಕಪ್ಪನ್ನೇ ಎತ್ತಿದ. ಮುಂದಿನ ತಿಂಗಳು ಪ್ಯಾರಿಸ್‌ನ ಫ್ರೆಂಚ್ ಓಪನ್. ಅಲ್ಲಿಯವರೆಗೆ ಗ್ರ್ಯಾಂಡ್ ಸ್ಲಾಮ್‌ನಲ್ಲಿ ಒಂದು ಪಂದ್ಯವನ್ನೂ ಗೆಲ್ಲದ, 72ನೇ ರ‍್ಯಾಂಕಿನ ಮನುಷ್ಯ. ಮೊದಲ ಸುತ್ತಲ್ಲಿ ಎರಡು ಸೆಟ್ ಸೋತು ಹಿಂದಿದ್ದವನು ಐದನೇ ಸೆಟ್ 10-8ರಲ್ಲಿ ಗೆದ್ದ. ಕ್ವಾರ್ಟರ್ ಫೈನಲ್‌ನಲ್ಲಿ ಎದುರಿಗೆ ಜೊಕೊವಿಚ್. ಆ ಮ್ಯಾಚಿನ ಕೊನೆಯ ಟೈಬ್ರೇಕ್ (ಸೆಟ್ 6-6 ಆದಾಗ ಆಡುವ ನಿರ್ಣಾಯಕ ಗೇಮ್) ಸಿಕ್ಕರೆ ನೋಡಿ, 13-11. ಚೆಕಿನಾಟೊ ಬೇಸ್‌ಲೈನಿನ ಎಷ್ಟೋ ಹಿಂದೆ ನಿಂತು ರಿಟರ್ನ್ ಮಾಡ್ತಾನೆ, ಇದ್ದಕ್ಕಿದ್ದಂತೆ ಡ್ರಾಪ್ ಶಾಟ್ ಹಾಕ್ತಾನೆ. ಕೊನೆಯ ಪಾಯಿಂಟಿನಲ್ಲಿ ಜೊಕೊವಿಚ್ ಸರ್ವ್ ಮಾಡಿ ನೆಟ್‌ಗೆ ನುಗ್ಗಿದ, ಚೆಕಿನಾಟೊನ ಒಂಟಿಗೈ ಬ್ಯಾಕ್‌ಹ್ಯಾಂಡ್ ರಿಟರ್ನ್ ಪಕ್ಕದ ಗೆರೆಗುಂಟ ಹಾದುಹೋಯಿತು. 1978ರಲ್ಲಿ ಬರಾತ್ಸುಟಿ ಸೆಮಿಫೈನಲ್‌ಗೆ ಹೋದ ಮೇಲೆ ಗ್ರ್ಯಾಂಡ್ ಸ್ಲಾಮ್‌ನಲ್ಲಿ ಅಷ್ಟು ದೂರ ಹೋದ ಇಟಲಿಯ ಗಂಡಸು ಇನ್ನೊಬ್ಬನಿರಲಿಲ್ಲ. 2019ರ ಫೆಬ್ರವರಿಗೆ ಚೆಕಿನಾಟೊ 16ನೇ ಸ್ಥಾನಕ್ಕೆ ಬಂದ. ಅದೇ ವರ್ಷ ಕೋಚ್ ವಾನ್ಯೋತ್ಸಿಯನ್ನೂ ಬಿಟ್ಟ.

ಕೋಚ್ ಕೆಲಸದಲ್ಲಿ ಇದೂ ಇದೆ, ತಿಳಿದಿರಲಿ. ನೀವು ಗೆಲ್ಲಿಸಿದವರೇ ನಿಮ್ಮನ್ನು ಬಿಡ್ತಾರೆ. ವಾನ್ಯೋತ್ಸಿ ಮುಂದೆ ತನ್ನದೇ ಊರಿನ ಸ್ಟೆಫಾನೊ ಟ್ರವಾಲ್ಯನಿಗೆ ಕಲಿಸಿದ. 2021ರ ಫೆಬ್ರವರಿಯಲ್ಲಿ ಮೆಲ್ಬರ್ನ್‌ನಲ್ಲಿ ಟ್ರವಾಲ್ಯ ಒಂದು ಎಟಿಪಿ ಫೈನಲ್ ಆಡಿ ಸೋತ, ಸೋತದ್ದು ಯಾನಿಕ್ ಸಿನ್ನರ್ ಎಂಬ ಹತ್ತೊಂಬತ್ತರ ಹುಡುಗನಿಗೆ. ಸರಿಯಾಗಿ ಒಂದು ವರ್ಷಕ್ಕೆ, 2022ರ ಫೆಬ್ರವರಿಯಲ್ಲಿ, ಸಿನ್ನರ್ ತನ್ನನ್ನು ಹುಡುಗನಾಗಿದ್ದಾಗಿನಿಂದ ಬೆಳೆಸಿದ ರಿಕಾರ್ಡೊ ಪಿಯಾಟಿಯನ್ನು ಬಿಟ್ಟು ವಾನ್ಯೋತ್ಸಿಯ ಕಡೆ ಬಂದ.

ನಾನು ನಿಜಕ್ಕೂ ಹೇಳಬೇಕೆಂದಿದ್ದದ್ದು ಇದರ ಮುಂದಿನದು. ವಾನ್ಯೋತ್ಸಿಗೆ ಜನ್ಮಕ್ಕೊಂದು ಸಲ ಸಿಗುವ ಕೆಲಸ ಸಿಕ್ಕಿದೆ. ಕೆಲವೇ ತಿಂಗಳಲ್ಲಿ, ಜೂನ್‌ನಲ್ಲಿ, ಸಿನ್ನರ್‌ಗೆ ಇನ್ನೊಬ್ಬ ಕೋಚ್ ಆಗಿ ಡ್ಯಾರೆನ್ ಕಾಹಿಲ್ ಬರ್ತಾರೆ. ಆಸ್ಟ್ರೇಲಿಯಾದವರು, ತಾವೇ 1988ರ ಯುಎಸ್ ಓಪನ್ ಸೆಮಿಫೈನಲ್ ಆಡಿದವರು, ಹೆವಿಟ್, ಅಗಾಸಿ, ಹಾಲೆಪ್ ಮೂವರಿಗೂ ಕೋಚ್ ಆಗಿದ್ದವರು. ನಾವಾಗಿದ್ದರೆ ಏನು ಮಾಡ್ತಿದ್ವಿ? "ನನ್ನ ಮೇಲೆ ನಂಬಿಕೆ ಇಲ್ಲ ಅಂದ ಮೇಲೆ ನಾನ್ಯಾಕೆ" ಅಂತ ಮುಖ ಊದಿಸಿಕೊಂಡು ಹೊರಡುತ್ತಿದ್ವಿ. ನಾನಂತೂ ಖಂಡಿತ. ವಾನ್ಯೋತ್ಸಿ ಉಳಿದ. ಇಬ್ಬರೂ ಸೇರಿ 2023ರಲ್ಲಿ ಎಟಿಪಿಯ ವರ್ಷದ ಕೋಚ್ ಪ್ರಶಸ್ತಿ ಪಡೆದರು. 2024ರ ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್ ಫೈನಲ್‌ನಲ್ಲಿ ಮೆಡ್ವೆಡೆವ್ ವಿರುದ್ಧ ಮೊದಲ ಎರಡು ಸೆಟ್ ಕಳೆದುಕೊಂಡ ಸಿನ್ನರ್ ಉಳಿದ ಮೂರನ್ನೂ ಗೆದ್ದ. ಜೂನ್ 10ಕ್ಕೆ ನಂಬರ್ ಒನ್, ಇಟಲಿಯ ಗಂಡಸರಲ್ಲಿ ಮೊದಲಿಗ. 2025ರಲ್ಲಿ ವಿಂಬಲ್ಡನ್.

ಮಧ್ಯೆ ಆ ಹುಡುಗನ ಸರ್ವ್ ಕೂಡ ಬದಲಾಯಿತು. 2023ರಲ್ಲಿ, ಎರಡು ಪಾದವನ್ನೂ ದೂರದಲ್ಲೇ ಊರಿ ಮಾಡುತ್ತಿದ್ದದ್ದನ್ನು ಬಿಟ್ಟು, ಹಿಂದಿನ ಕಾಲನ್ನು ಮುಂದಿನದರ ಪಕ್ಕಕ್ಕೆ ಎಳೆದುಕೊಂಡು ಹಾರುವ ರೀತಿಗೆ ಬಂದ. ಟಾಪ್ ಟೆನ್‌ನಲ್ಲಿರುವವನಿಗೆ "ನಿನ್ನ ಕಾಲು ಬದಲಾಯಿಸು" ಅನ್ನಲು 161ನೇ ರ‍್ಯಾಂಕು ಧೈರ್ಯ ಕೊಡೋದಿಲ್ಲ, ಒಂದನೇ ರ‍್ಯಾಂಕೂ ಕೊಡೋದಿಲ್ಲ. ನೋಡಿದವನಿಗೆ ಮಾತ್ರ ಆ ಧೈರ್ಯ ಬರೋದು.

ನೋಡೋದು ಅಂದರೆ ಏನು ಅಂತ ನನ್ನ ಕೆಲಸದ್ದೇ ಒಂದು ಹೇಳ್ತೀನಿ. ಚಳಿಗಾಲದಲ್ಲಿ ನಮ್ಮ ಅಂಕಣಗಳ ಮೇಲೆ ಗಾಳಿ ತುಂಬಿದ ದೊಡ್ಡ ಗುಡಾರ ಎಬ್ಬಿಸ್ತಾರೆ. ಒಳಗೆ ಫ್ಯಾನಿನ ಗುಂಯ್ ಸದ್ದು, ಬಾಲ್ ಸದ್ದೂ ಸರಿಯಾಗಿ ಕೇಳಲ್ಲ. ಒಬ್ಬ ಹುಡುಗಿ ಎರಡನೇ ಸೆಟ್ ಆದ ಮೇಲೆ ಸಾಲುಸಾಲಾಗಿ ಡಬಲ್ ಫಾಲ್ಟ್ (ಎರಡೂ ಸರ್ವ್ ತಪ್ಪಿಸಿ ಪಾಯಿಂಟ್ ಕಳೆದುಕೊಳ್ಳೋದು) ಮಾಡುತ್ತಿದ್ದಳು. ಎಲ್ಲರೂ ಹೆದರಿಕೆ ಅಂದರು, ಅವಳಮ್ಮ ಮನಶ್ಶಾಸ್ತ್ರಜ್ಞರ ಹತ್ತಿರ ಕರೆದುಕೊಂಡು ಹೋಗಲು ಹೊರಟಿದ್ದರು. ಬದಿಯಲ್ಲಿ ಕೂತು ಬಾಲ್ ಎಲ್ಲಿ ಬೀಳುತ್ತೆ ಅನ್ನೋದನ್ನ ಬಿಟ್ಟು ಅವಳ ಎಡಗೈಯನ್ನಷ್ಟೇ ನೋಡುತ್ತಾ ಹೋದೆ. ದಣಿದಾಗ ಬಾಲ್ ಎಸೆಯುವ ಮೊದಲು ಮೊಣಕೈ ಮಡಚುತ್ತಿದ್ದಳು, ಟಾಸ್ ತಲೆಯ ಹಿಂದಕ್ಕೆ ಹೋಗುತ್ತಿತ್ತು. ಹೆದರಿಕೆ ಆಮೇಲೆ ಬಂದದ್ದು. ನಾನು ಆಡುವ ಕಾಲದಲ್ಲಿ ಯಾರನ್ನೂ ಹೀಗೆ ನೋಡಿರಲಿಲ್ಲ, ನನ್ನ ನಂಬರನ್ನೇ ನೋಡುತ್ತಿದ್ದೆ.

ಹಾಗಾದರೆ ದೊಡ್ಡ ಆಟಗಾರರು ಒಳ್ಳೇ ಕೋಚ್ ಆಗಲ್ವಾ? ಆಗ್ತಾರೆ. ರೆಂಜೊ ಫುರ್ಲಾನ್ 1996ರಲ್ಲಿ 19ನೇ ಸ್ಥಾನದಲ್ಲಿದ್ದವರು, ಅವರೂ ಪಿಯಾಟಿಯ ಗರಡಿಯವರೇ. ಅವರು ಯಾಸ್ಮಿನ್ ಪಾವೊಲಿನಿ ಜೊತೆ ಹತ್ತಿರಹತ್ತಿರ ಹತ್ತು ವರ್ಷ ಇದ್ದರು. 1.63 ಮೀಟರ್ ಎತ್ತರದ ಆ ಹುಡುಗಿ 28ನೇ ವಯಸ್ಸಿನಲ್ಲಿ, 2024ರಲ್ಲಿ, ಫ್ರೆಂಚ್ ಓಪನ್ ಮತ್ತು ವಿಂಬಲ್ಡನ್ ಎರಡರಲ್ಲೂ ಫೈನಲ್‌ಗೆ ಹೋದಳು. ಮರುವರ್ಷ ಫುರ್ಲಾನ್ ಮತ್ತು ಆಕೆ ಬೇರೆಯಾದರು. ಅಷ್ಟು ವರ್ಷ ಕಾಯಲು ಫುರ್ಲಾನ್‌ಗೆ ನೆರವಾದದ್ದು ಆ 19 ಅಂತ ನಿಮಗನ್ನಿಸುತ್ತಾ? ನನಗಂತೂ ಅನ್ನಿಸಲ್ಲ.

ಬೋಪಣ್ಣ ಅವರ ಉದಾಹರಣೆ ಕೊಟ್ಟು "43ರಲ್ಲೂ ಗೆಲ್ಲಬಹುದಲ್ವಾ, ಇನ್ನೂ ಆಡಬಹುದಲ್ವಾ" ಅಂದಿದ್ದೀರಿ. ಅವರು ಆಸ್ಟ್ರೇಲಿಯಾದ ಎಬ್ಡೆನ್ ಜೊತೆ 2024ರ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ಎದುರಿದ್ದವರು ಇಟಲಿಯ ಬೊಲೆಲಿ ಮತ್ತು ವವಸೋರಿ. ಇಡೀ ಕ್ಲಬ್ಬು ಒಂದು ಕಡೆ, ನಾನೊಬ್ಬ ಕೊಡಗಿನ ಕಡೆ! ಆದರೆ ಸ್ವಾಮಿ, ಅವರು 2013ರಲ್ಲೇ ಡಬಲ್ಸ್‌ನಲ್ಲಿ ಜಗತ್ತಿನ ಮೂರನೆಯವರು, 2017ರಲ್ಲೇ ಪ್ಯಾರಿಸ್‌ನ ಮಿಶ್ರ ಡಬಲ್ಸ್ ಗೆದ್ದವರು. ಗೆಲ್ಲಬೇಕು ಅಂತ ಆಡಿದವರು. ನಿಮ್ಮ ಪ್ರಶ್ನೆಯಲ್ಲಿ ಗೆಲ್ಲುವ ಮಾತು ಒಂದು ಕಡೆಯೂ ಇಲ್ಲ, ಐನೂರು ಅನ್ನೋ ಪದ ಮಾತ್ರ ಮತ್ತೆಮತ್ತೆ ಬಂದಿದೆ.

ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟ, ಅಂದರೆ ಐಟಿಎಫ್‌ನ ಮೊದಲ ಹಂತದ ಕೋಚಿಂಗ್ ಕೋರ್ಸ್ ಭಾರತದಲ್ಲೇ ಆಗುತ್ತೆ, ಮೊದಲು ಅದಕ್ಕೆ ಹೆಸರು ಕೊಡಿ. ಆಡುತ್ತಲೇ ಮಾಡಬಹುದು. ಹುಡುಗಿಯ ತಂದೆಯ ಹತ್ತಿರ ಸಂಬಳಕ್ಕೆ ಜಗ್ಗಾಡಬೇಡಿ, ಪ್ರಯಾಣ ಮತ್ತು ಊಟದ ಖರ್ಚನ್ನು ಮಾತ್ರ ಮೊದಲೇ ಬರೆಸಿಕೊಳ್ಳಿ, ಇಲ್ಲದಿದ್ದರೆ ರೈಲ್ವೆ ಸ್ಟೇಷನ್ನಿನಲ್ಲಿ ನಿಂತು ಟಿಕೆಟ್ ದುಡ್ಡಿಗೆ ಫೋನ್ ಮಾಡೋ ಹಾಗಾಗುತ್ತೆ. ಬುಟ್ಟಿ ಹೊರಲು ಸಂಕೋಚ ಬೇಡ. ಅವಳಿಗೆ ನಿಮ್ಮ ಫೋರ್‌ಹ್ಯಾಂಡ್ ಕಲಿಸಲು ಹೋಗಬೇಡಿ. ಇನ್ನೊಂದು, ಮ್ಯಾಚ್ ನಡೆಯುವಾಗ ಅಪ್ಪನ ಪಕ್ಕದಲ್ಲಿ ಮಾತ್ರ ಕೂರಬೇಡಿ. ಪ್ರತಿ ಪಾಯಿಂಟ್‌ಗೂ "ಯಾಕೆ ಹೀಗಾಯ್ತು ಸಾರ್" ಅಂತ ಕೇಳ್ತಾರೆ, ನೀವು ಉತ್ತರ ಹುಡುಕುವಷ್ಟರಲ್ಲಿ ಮುಂದಿನ ಪಾಯಿಂಟ್ ಮುಗಿದಿರುತ್ತೆ. ಎದುರು ಬದಿಯ ಗ್ಯಾಲರಿಯಲ್ಲಿ ಒಬ್ಬರೇ ಕೂತುಕೊಳ್ಳಿ, ಕೈಯಲ್ಲೊಂದು ನೋಟ್‌ಬುಕ್ ಇರಲಿ.