ಜತ್ತದ ಆ ಹೆಣ್ಣುಮಗಳನ್ನು ಮೊದಲ ಪುಟಕ್ಕೆ ತನ್ನಿ

ಪ್ರಿಯ ಸಹೋದರಿ, ನಮಸ್ಕಾರ.

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಹಳ್ಳಿಗಳಲ್ಲಿ ಎಚ್‌ಐವಿ ತಡೆ ಕಾರ್ಯಕ್ರಮ ಹೇಗೆ ನಡೆದಿದೆ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವಂತೆ ಅಚ್ಚಿಗೆ ಕೊಡಲಾರೆ. ಹಿಂದಿರುಗಿಸಲೂ ಮನಸ್ಸಿಲ್ಲ, ನಿಮ್ಮ ನಾಲ್ಕನೆಯ ಪುಟ ಬಿಡುತ್ತಿಲ್ಲ.

ಮೊದಲ ಮೂರು ಪುಟಗಳಲ್ಲಿ ಒಂದೇ ಮಾತು: ಜನರಿಗೆ ತಿಳಿವಳಿಕೆಯಿಲ್ಲ, ಹೆದರಿಸಿದರೆ ದಾರಿಗೆ ಬರುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ತಲೆಬುರುಡೆಯ ಚಿತ್ರವಿದ್ದ ಗೋಡೆಬರಹಗಳನ್ನು ನೋಡುತ್ತಲೇ ನನ್ನ ತಲೆಮಾರು ಬೆಳೆಯಿತು. ಅವನ್ನು ಕಂಡು ಹೆದರಿದವರು ಪರೀಕ್ಷೆಗೆ ಹೋಗಲಿಲ್ಲ, ಸೋಂಕು ತಗುಲಿದವರನ್ನು ದೂರವಿಟ್ಟರು. ಹೆದರಿಕೆಯ ಬೆನ್ನಿಗೆ ‘ಇದು ನನ್ನಿಂದಾಗುತ್ತದೆ’ ಎಂಬ ನಂಬಿಕೆ ಇರದಿದ್ದರೆ ಮನುಷ್ಯ ಮುಖ ತಿರುಗಿಸಿಬಿಡುತ್ತಾನೆ. ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1977ರಲ್ಲಿ ವಿವರಿಸಿದ್ದು ಈ ನಂಬಿಕೆಯನ್ನೇ. ನೀವು ಅವರ ಹೆಸರನ್ನು ಬರೆದಿದ್ದೀರಿ, ವಿಚಾರವನ್ನು ಬಳಸಿಲ್ಲ.

ಈಗ ನಾಲ್ಕನೆಯ ಪುಟ. ಲಾರಿ ಓಡಿಸುವ ಗಂಡ ಹದಿನೈದು ದಿನಕ್ಕೊಮ್ಮೆ ಮನೆಗೆ ಬರುತ್ತಾನೆ. ಆಶಾ ಕಾರ್ಯಕರ್ತೆ ಕೊಟ್ಟ ನಿರೋಧ್ ಪೊಟ್ಟಣವನ್ನು ಹೆಂಡತಿ ಜೋಳದ ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟಿದ್ದಾಳೆ. ಅದು ಯಾಕೆ ಬೇಕೆಂದು ಅವಳಿಗೆ ಚೆನ್ನಾಗಿ ಗೊತ್ತು. ‘ಕೇಳಿದರೆ ನನ್ನನ್ನೇ ಸಂಶಯದಿಂದ ನೋಡುತ್ತಾರೆ’ ಎನ್ನುತ್ತಾಳೆ. ಎಂಥ ಮಾತು ನಿಮ್ಮ ಕಿವಿಗೆ ಬಿದ್ದಿತ್ತು! ನೀವು ‘ಅರಿವಿನ ಕೊರತೆ’ ಎಂದು ಷರಾ ಬರೆದು ಮುಂದೆ ಹೋದಿರಿ. ಅವಳಿಗೆ ಇನ್ನೊಂದು ಕರಪತ್ರ ಕೊಟ್ಟು ಏನು ಪ್ರಯೋಜನ? ಬಾಯಿ ಬಿಡುವ ಧೈರ್ಯ ಬೇಕು, ಅದನ್ನು ಅವಳೊಬ್ಬಳೇ ಎಲ್ಲಿಂದ ತರಬೇಕು?

ಉತ್ತರದ ಒಂದು ತುದಿ ನಿಮ್ಮ ಜಿಲ್ಲೆಯಲ್ಲೇ ಇದೆ. ಸಾಂಗ್ಲಿಯಲ್ಲಿ 1992ರಲ್ಲಿ ಆರಂಭವಾದ ‘ಸಂಗ್ರಾಮ’ ಸಂಸ್ಥೆಯ ಕೆಲಸದಿಂದ 1996ರಲ್ಲಿ ‘ವ್ಯಾಂಪ್’ ಎಂಬ ಲೈಂಗಿಕ ಕಾರ್ಯಕರ್ತೆಯರದೇ ಸಂಘಟನೆ ಹುಟ್ಟಿತು. ನಿರೋಧ್ ಹಂಚುವವರೂ ತಿಳಿಹೇಳುವವರೂ ಆ ಹೆಂಗಸರೇ. ನಿರೋಧ್ ಇಲ್ಲದೆ ಬರಬೇಡ ಎಂದು ಒಬ್ಬಳೇ ಹೇಳಿದರೆ ಗಿರಾಕಿ ಪಕ್ಕದ ಮನೆಯ ಬಾಗಿಲು ತಟ್ಟುತ್ತಾನೆ. ಓಣಿಗೆ ಓಣಿಯೇ ಹೇಳಿದರೆ? ಅವರಲ್ಲಿ ಕನ್ನಡದವರೂ ಇದ್ದಾರೆ, ಹೋಗಿ ಮಾತನಾಡಿಸಿ.

ಒಂದು ತಪ್ಪನ್ನು ತಿದ್ದಲೇಬೇಕು. ‘ಎಚ್‌ಐವಿ ಬಂದರೆ ಬದುಕು ಮುಗಿಯಿತು’ ಎಂದಿದ್ದೀರಿ. ಎಚ್‌ಐವಿ ವೈರಾಣುವನ್ನು ಹತೋಟಿಯಲ್ಲಿಡುವ ಎಆರ್‌ಟಿ ಔಷಧವನ್ನು 2004ರಿಂದ ಸರ್ಕಾರ ಉಚಿತವಾಗಿ ಕೊಡುತ್ತಿದೆ. ತಪ್ಪದೆ ನುಂಗಿ, ರಕ್ತಪರೀಕ್ಷೆಯಲ್ಲಿ ವೈರಾಣು ಕಾಣದಷ್ಟು ತಗ್ಗಿ ಹಾಗೆಯೇ ಉಳಿದರೆ ಲೈಂಗಿಕ ಸಂಪರ್ಕದಿಂದ ಸೋಂಕು ಹರಡುವುದಿಲ್ಲ. ಪರೀಕ್ಷೆಗೆ ಹೋಗಲು ಅಂಜುವವರಿಗೆ ಮೊದಲು ತಲುಪಬೇಕಾದ ಸುದ್ದಿ ಇದು.

ಲೇಖನವನ್ನು ಆ ಡಬ್ಬಿಯಿಂದ ಶುರುಮಾಡಿ, ದೀಪಾವಳಿಯೊಳಗೆ ಕಳಿಸಿ. ಆಕೆಯ ಊರಿನ ಹೆಸರನ್ನು ಮಾತ್ರ ತೆಗೆದುಬಿಡಿ. ಸಣ್ಣ ಊರು, ಲಾರಿ ನಿಲ್ಲುವ ಮನೆ ಒಂದೇ ಇರಬಹುದು.