ಅಯೇಯೊ ಊಟಕ್ಕೆ ಬರುತ್ತಿಲ್ಲ

ಅಮೆರಿಕದಲ್ಲಿ ಸೊಮಾಲಿ ಜನ ಅತಿ ಹೆಚ್ಚು ಇರುವುದು ಮಿನೆಸೋಟದಲ್ಲಿ. ಮಿನಿಯಾಪೊಲಿಸ್‌ನಲ್ಲಿ ಆಪ್ತಸಲಹೆಗಾರ್ತಿಯಾಗಿರುವ ನನ್ನ ಬಳಿಗೂ ಆ ಮನೆಗಳವರು ಬರುತ್ತಾರೆ. ಇದು ಅಂಥ ಒಂದು ಮನೆಯ ವಿಷಯ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಮೊದಲು ಬಂದವರು ತಾಯಿ. ನಲವತ್ತರ ಆಸುಪಾಸು, ರಾತ್ರಿ ಪಾಳಿಯ ಕೆಲಸ. "ನಮ್ಮಮ್ಮ ಮೂರು ವಾರದಿಂದ ನಮ್ಮ ಜೊತೆ ಊಟಕ್ಕೆ ಕೂರುತ್ತಿಲ್ಲ. ರೂಮಿನಲ್ಲೇ ಚಹಾ ಕುಡಿದು ಮಲಗುತ್ತಾರೆ. ಸಕ್ಕರೆ ಕಾಯಿಲೆ ಬೇರೆ ಇದೆ" ಎಂದರು. ಮಾತ್ರೆ ನುಂಗಿ ಊಟ ಬಿಟ್ಟರೆ ಸಕ್ಕರೆ ಅಂಶ ಅಪಾಯದ ಮಟ್ಟಕ್ಕೆ ಇಳಿಯಬಹುದು. ಹಾಗಾಗಿ ಅವತ್ತೇ ಡಾಕ್ಟರಿಗೆ ಫೋನ್ ಮಾಡಿಸಿದೆ. ಮಿಕ್ಕ ಮಾತು ಆಮೇಲೆ.

ಆದದ್ದಿಷ್ಟು. ಹದಿನಾಲ್ಕರ ಮಗಳು ಅಜ್ಜಿಯ ಎದುರೇ, "ಬಟ್ಟೆಗೆಲ್ಲ ಅಡುಗೆ ವಾಸನೆ ಹತ್ತುತ್ತೆ, ಸ್ಕೂಲಲ್ಲಿ ನಗ್ತಾರೆ" ಎಂದಿದ್ದಳು. ಊಟವಾದ ಮೇಲೆ ಊನ್ಸಿ ಧೂಪ ಹಾಕಿ ವಾಸನೆ ಕಳೆಯುವುದು ಸೊಮಾಲಿ ಮನೆಗಳ ರೂಢಿ. ಅಷ್ಟು ಅಚ್ಚುಕಟ್ಟಾಗಿ ಬದುಕಿದ ಹಿರಿಯರಿಗೆ ಆ ಮಾತು ಎಷ್ಟು ಚುಚ್ಚಿರಬೇಡ!

ಮುಂದಿನ ವಾರ ಮೂವರನ್ನೂ ಕರೆದೆ, ದುಭಾಷಿಯೂ ಇದ್ದರು. ಅಜ್ಜಿಯನ್ನು ಅವರ ಮೊಮ್ಮಗಳಂತೆ ನಾನೂ 'ಅಯೇಯೊ' ಎಂದೆ. ಯಾರದು ತಪ್ಪು ಎಂಬ ಮಾತೇ ಎತ್ತಲಿಲ್ಲ. "ಹತ್ತು ವರ್ಷದವರಿದ್ದಾಗ ಏನು ತಿನ್ನುತ್ತಿದ್ದಿರಿ?" ಎಂದಷ್ಟೇ ಕೇಳಿದೆ.

ಅಯೇಯೊ ಒಂಟೆ ಮೇಯಿಸುವವರ ಮಗಳು. ಒಂಟೆ ಹಾಲೇ ಊಟ. ಬಾಸ್ತೊ, ಅಂದರೆ ಪಾಸ್ತಾ, ಕಂಡದ್ದು ಮದುವೆಯಾಗಿ ಸೊಮಾಲಿಯಾದ ರಾಜಧಾನಿ ಮೊಗದಿಶುವಿಗೆ ಬಂದ ಮೇಲೆ. ಇಟಲಿಯವರ ಆಳ್ವಿಕೆ ಅಲ್ಲಿ ಬಿಟ್ಟುಹೋದ ತಿನಿಸು ಅದು. "ಮೊದಮೊದಲು ಗಂಟಲಲ್ಲಿ ಇಳಿಯದೆ ಅತ್ತಿದ್ದೆ" ಎಂದರು. ಮೊಮ್ಮಗಳು ಬೆರಗಾದಳು: "ಬಾಸ್ತೊ ನಮ್ಮದೇ ಅಲ್ವಾ?"

ತಾಯಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. 1991ರಲ್ಲಿ ಸೊಮಾಲಿಯಾದ ಸರ್ಕಾರ ಕುಸಿದಾಗ ಅವರು ಸಣ್ಣ ಹುಡುಗಿ. ಬೆಳೆದದ್ದು ಕೀನ್ಯಾದ ದದಾಬ್ ನಿರಾಶ್ರಿತರ ಶಿಬಿರದಲ್ಲಿ. ಸಾಲಲ್ಲಿ ನಿಂತು ತಂದ ಹಿಟ್ಟು, ಕಾಳು, ಎಣ್ಣೆ. "ಇಂಥದ್ದು ಬೇಕು ಅಂತ ಕೇಳೋ ಹಾಗೇ ಇರಲಿಲ್ಲ. ನನ್ನ ಮಕ್ಕಳಾದರೂ ಕೇಳಿದ್ದನ್ನ ತಿನ್ನಲಿ." ಅದಕ್ಕೇ ಫ್ರಿಜ್ ತುಂಬ ಪಿಜ್ಜಾ, ಹಲಾಲ್ ಗುರುತಿನ ನಗೆಟ್ಸ್. ಅಯೇಯೊ ಇದನ್ನು ಮಗಳ ಸೋಮಾರಿತನ ಎಂದುಕೊಂಡಿದ್ದರು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಈ ಮಾತು ಅವರಿಬ್ಬರ ನಡುವೆ ಬಂದಿರಲಿಲ್ಲ.

ತಾಯಿಗೆ ನಾನು ಹೇಳಿದ್ದು: ತಿನ್ನದಿದ್ದರೆ "ನೀನು ಸೊಮಾಲಿಯೇ ಅಲ್ಲ" ಎಂದು ಮಗಳಿಗೆ ಹೇಳಬೇಡಿ. ಶಾಲೆಯಲ್ಲಿ ನಗುವುದು ಸಣ್ಣ ನೋವಲ್ಲ. ಶಾಲೆಯ ಜಾಕೆಟ್ಟನ್ನು ಅಡುಗೆಮನೆಯಿಂದ ದೂರ, ಬೀರುವಿನಲ್ಲಿಡಿ. ರಜೆಯ ದಿನ ಒಂದು ಊಟವಾದರೂ ಹಳೇ ಪದ್ಧತಿಯಂತೆ ಎಲ್ಲರೂ ಒಂದೇ ದೊಡ್ಡ ತಟ್ಟೆಯ ಸುತ್ತ ಕೂತು ಮಾಡಿ, ಫೋನ್ ಪಕ್ಕಕ್ಕಿಟ್ಟು.

ಮಗಳಿಗೆ ಹೇಳಿದ್ದು: ವಾಸನೆಯ ಮಾತಿಗೆ ಅಜ್ಜಿಯ ಕ್ಷಮೆ ಕೇಳು. ಆಮೇಲೆ ಅಂಜೇರೊ ಹುಯ್ಯುವುದನ್ನು ಕಲಿ. ಅಂಜೇರೊ ಎಂದರೆ ರಾತ್ರಿ ಹುಳಿ ಬರಿಸಿದ ಹಿಟ್ಟನ್ನು ನಡುವಿನಿಂದ ಸುತ್ತಿ ಹರಡಿ, ಮುಚ್ಚಿ, ಒಂದೇ ಬದಿ ಬೇಯಿಸುವುದು. ನಮ್ಮ ದೋಸೆ ಹಂಚಿನ ಮುಂದೆ ನಿಂತವರಿಗೆ ಬಿಡಿಸಿ ಹೇಳಬೇಕಿಲ್ಲ. ಮೈದಾ ಕಮ್ಮಿ ಮಾಡಿ, ಅವರ ಊರಿನಂತೆ ಬಿಳಿಜೋಳದ ಹಿಟ್ಟು ಜಾಸ್ತಿ ಹಾಕಿ ಎಂದೆ.

ಅಯೇಯೊ ದಿನಕ್ಕೆ ಆರು ಲೋಟ ಶಾಹ್, ಅಂದರೆ ಮಸಾಲೆ ಚಹಾ ಕುಡಿಯುತ್ತಿದ್ದರು. ಲೋಟಕ್ಕೆ ಮೂರು ಚಮಚ ಸಕ್ಕರೆ. ಒಮ್ಮೆಲೇ ನಿಲ್ಲಿಸಿ ಎನ್ನಲಿಲ್ಲ. ವಾರಕ್ಕೆ ಅರ್ಧ ಚಮಚ ಇಳಿಸೋಣ, ಏಲಕ್ಕಿ ದಾಲ್ಚಿನ್ನಿ ಬೇಕಾದಷ್ಟು ಇರಲಿ ಎಂದೆ. ಅನ್ನದ ಲೆಕ್ಕವನ್ನು ಆಹಾರ ತಜ್ಞರಿಗೆ ಬಿಟ್ಟೆ.

ಆರು ವಾರದ ಮೇಲೆ ಬಂದಾಗ ಸಕ್ಕರೆ ಒಂದೂವರೆ ಚಮಚಕ್ಕೆ ಇಳಿದಿತ್ತು. ನಗೆಟ್ಸ್ ಇನ್ನೂ ಫ್ರಿಜ್‌ನಲ್ಲಿವೆ. ಹುಡುಗಿ ಫೋನಿನಲ್ಲಿ ತನ್ನ ಮೊದಲ ಅಂಜೇರೊ ತೋರಿಸಿದಳು. ನಡುವೆ ಹರಿದಿತ್ತು. ಅದನ್ನು ಯಾರಿಗೂ ಕೊಡದೆ ಅಯೇಯೊ ತಾವೇ ತಿಂದರಂತೆ.