ಆ ಟ್ರಸ್ ರಾಡ್ ಮುಟ್ಟೋಕೆ ಮುಂಚೆ ಇದನ್ನೊಂದು ಓದು ತಮ್ಮ

ತಮ್ಮ, ನೀನು ಹಾಕಿರೋ ಆರೂ ಫೋಟೋ ಜೂಮ್ ಮಾಡಿ ನೋಡ್ದೆ. ನೀನು ಕೊಳ್ಳೋಕೆ ಹೊರಟಿರೋದು ಅಮೇರಿಕದ ಫೆಂಡರ್ ಕಂಪನಿಯ 1966ರ ಪ್ರಿಸಿಷನ್ ಬೇಸ್ ಗಿಟಾರ್ ಅಂತೆ, ಸೀರಿಯಲ್ ನಂಬರ್ ನೆಟ್ಟಲ್ಲಿ ತಾಳೆ ಆಯ್ತಂತೆ, 65 ಸಾವಿರ, ನೆಕ್ (ಗಿಟಾರಿನ ಉದ್ದನೆ ಕತ್ತು) ಒಂಚೂರು ಬಾಗಿದೆ ಆದ್ರೆ ಟ್ರಸ್ ರಾಡ್ (ನೆಕ್ ಬಾಗದಂಗೆ ಅದ್ರೊಳಗೆ ಹಾಕಿರೋ ಲೋಹದ ಸರಳು, ತುದೀಲಿ ಬಿಗಿ ಮಾಡೋ ನಟ್ಟಿರುತ್ತೆ) ಕಾಲು ಸುತ್ತು ತಿರುಗಿಸಿದ್ರೆ ಸರಿಹೋಗುತ್ತೆ ಅಂತ ಮಾರೋರು ಅಂದ್ರಂತೆ, ನೀನು ಆಗ್ಲೇ 5 ಸಾವಿರ ಅಡ್ವಾನ್ಸ್ ಕೊಟ್ಟಾಗಿದೆ. ಆ ಕಾಲು ಸುತ್ತಿನ ಮಾತು ಓದಿ ಎದೆ ಧಸಕ್ ಅಂತು. ಹದಿನೈದು ವರ್ಷದ ಹಿಂದೆ ನಂಗೂ ಒಬ್ರು ಇದೇ ಮಾತು ಹೇಳಿ ಒಂದು ಹಳೇ ಬೇಸ್ ಕೈಗಿಟ್ಟಿದ್ರು.

ಕಾಮೆಂಟಲ್ಲಿ ಎಲ್ರೂ ಪಿಕಪ್ (ತಂತಿಯ ಕಂಪನ ಹಿಡಿಯೋ ಅಯಸ್ಕಾಂತದ ಭಾಗ) ಒರಿಜಿನಲ್ಲಾ, ಟೋನ್ ಹೆಂಗಿದೆ ಅಂತ ಕೇಳ್ತಾವ್ರೆ. ಅದೆಲ್ಲ ಆಮೇಲಿನ ಮಾತು. ಪಿಕಪ್ ಬದಲಾಯಿಸ್ಬಹುದು, ಪಾಟ್ (ಸೌಂಡ್ ಏರಿಸಿ ಇಳಿಸೋ ತಿರುಗಣೆಯ ಒಳಭಾಗ) ಬದಲಾಯಿಸ್ಬಹುದು, ನೆಕ್ ಹೋದ್ರೆ ಹೋಯ್ತು. ನಮ್ ಕಡೆ ಕಬ್ಬು ಡೊಂಕಾದ್ರೆ ಸಿಹಿ ಡೊಂಕಾ ಅಂತಾರಲ್ಲ, ಆ ಗಾದೆ ನೆಕ್ಕಿಗೆ ನಡೆಯಲ್ಲ ಕಣಪ್ಪ.

ನಂದು ಏನಾಯ್ತು ಕೇಳು. ಮಂಡ್ಯದಲ್ಲಿ ಗಣಪತಿ ಆರ್ಕೆಸ್ಟ್ರಾಗೆ ಮೂರು ದಿನ ಇತ್ತು, ಮಳೆಗಾಲ, ಮೈಸೂರಿನ ಸರಸ್ವತಿಪುರಂ ರೂಮಲ್ಲಿ ಗೋಡೆನೇ ತೇವ. ಬೇಸಿಗೇಲಿ ತಗೊಂಡಾಗ ಇದ್ದಿದ್ದಕ್ಕಿಂತ ನೆಕ್ ಇನ್ನೂ ಮುಂದಕ್ಕೆ ಬಾಗಿತ್ತು, ಹನ್ನೆರಡನೇ ಫ್ರೆಟ್ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿ) ಹತ್ರ ಎಲ್ಲಕ್ಕಿಂತ ದಪ್ಪ ಇರೋ ಇ ತಂತಿ ಕೆಳಗೆ ಒಂದ್ರೂಪಾಯಿ ನಾಣ್ಯ ಮೂರು ಜೋಡಿಸಿ ತೂರಿಸ್ಬಹುದಿತ್ತು. ರಾತ್ರಿ ಹನ್ನೊಂದಕ್ಕೆ ನೆಕ್ ಬಿಚ್ಚಿ ಟ್ರಸ್ ರಾಡಿನ ನಟ್ ತಿರುಗಿಸ್ದೆ, ಗಟ್ಟಿ ಇತ್ತು. ಗಟ್ಟಿ ಇದೆ ಅಂದ್ಮೇಲೆ ಕೈ ಬಿಡ್ಬೇಕಿತ್ತು, ನಾನು ಸ್ಕ್ರೂಡ್ರೈವರ್ ಹಿಡಿಗೆ ಕಟಿಂಗ್ ಪ್ಲೇಯರ್ ಹಾಕಿ ತಿರುವಿದೆ. ಟಕ್ ಅಂತು. ಒಂದೇ ಸಲ, ಜೋರಾಗೂ ಅಲ್ಲ. ಆಮೇಲೆ ನಟ್ಟು ಬೆಣ್ಣೇಲಿ ಬೆರಳಾಡಿಸಿದಂಗೆ ಸುಮ್ನೆ ಸುತ್ತೋಕೆ ಶುರುವಾಯ್ತು. ರಾಡ್ ಒಳಗೇ ತುಂಡಾಗಿತ್ತು. 22 ಸಾವಿರ ಕೊಟ್ಟ ಗಿಟಾರ್ ಮಡಿಲಲ್ಲಿ ಇಟ್ಕೊಂಡು ಬೆಳಗಿನ ಜಾವದ ತನಕ ಹಂಗೇ ಕೂತಿದ್ದೆ. ಪ್ರೋಗ್ರಾಂ ಮಾಡಿದ್ದು ಸ್ನೇಹಿತನ ಬೇಸಲ್ಲಿ.

ಆಮೇಲೆ ಇನ್ಲೇ ಕೆಲಸ (ಮರದಲ್ಲಿ ಚಿತ್ರ ಕೂರಿಸೋದು) ಮಾಡೋ ಒಬ್ರು ಹಿರಿಯರ ಹತ್ರ ತಗೊಂಡೋದೆ. ಮುರಿದ ರಾಡ್ ತೆಗೆಯೋಕೆ ಅವ್ರು ಇಸ್ತ್ರಿ ಪೆಟ್ಟಿಗೆ ಬಿಸಿ ಮಾಡಿ ಫ್ರೆಟ್ ಬೋರ್ಡ್ (ನೆಕ್ ಮೇಲೆ ಅಂಟಿಸಿರೋ ಫ್ರೆಟ್ಟಿನ ಹಲಗೆ) ಮೇಲಿಟ್ಟು, ತೆಳು ಚಾಕು ತೂರಿಸಿ ಇಂಚಿಂಚೇ ಬಿಡಿಸಿದ್ರು, ಅರ್ಧ ದಿನ ಹಿಡೀತು. ಬೋರ್ಡ್ ಅಡಿಭಾಗ ಉಗುರಲ್ಲಿ ಕೆರೆದು ಮೂಸಿ ನೋಡಿ, "ಬೀಟೆ ಅಂದ್ರೆ ಕೆರೆದ ತಕ್ಷಣ ಘಂ ಅನ್ಬೇಕು ಮಗ, ಇದು ಯಾವ್ದೋ ಬಿಳೀ ಮರಕ್ಕೆ ಬಣ್ಣ ಕುಡಿಸಿರೋದು" ಅಂದ್ರು. ನಲವತ್ತು ವರ್ಷ ಬೀಟೆ ಮುಟ್ಟಿದ ಕೈ ಅದು. ನಂಗೆ ಅಮೇರಿಕದ್ದು ಅಂತ ಕೊಟ್ಟಿದ್ದು ಅಮೇರಿಕದ್ದೂ ಅಲ್ಲ, ಅರವತ್ತರ ದಶಕದ್ದೂ ಅಲ್ಲ, ಮೇಲೆ ಸ್ಟಿಕ್ಕರ್ ಮಾತ್ರ ಅಂಟಿಸಿತ್ತು.

ಈಗ ನೀನು ಮಾಡ್ಬೇಕಾದ್ದು. ತಂತಿ ಟ್ಯೂನಲ್ಲೇ ಇರ್ಲಿ, ಮೊದಲ್ನೇ ಫ್ರೆಟ್ಟೂ ಕೊನೇ ಫ್ರೆಟ್ಟೂ ಒತ್ತಿ ಹಿಡ್ಕೊಂಡು ಏಳೆಂಟನೇ ಫ್ರೆಟ್ ಹತ್ರ ಸಂದಿ ನೋಡು, ವಿಸಿಟಿಂಗ್ ಕಾರ್ಡ್ ತೂರುವಷ್ಟಿದ್ರೆ ಚೆನ್ನಾಗಿದೆ. ಜಾಸ್ತಿ ಇದ್ರೆ ತಂತಿ ಸಡಿಲ ಮಾಡಿ ನೆಕ್ ಬಿಚ್ಚು, ಹಳೇ ಫೆಂಡರಲ್ಲಿ ನಟ್ಟು ಹಿಮ್ಮಡಿ (ನೆಕ್ ಗಿಟಾರಿನ ಬಾಡಿಗೆ ಸೇರೋ ತುದಿ) ಕಡೆನೇ ಇರುತ್ತೆ, ಬಿಚ್ಚದೆ ಸಿಗಲ್ಲ. ಬಿಚ್ಚಿದ್ಮೇಲೆ ಬಿಗಿ ಮಾಡೋಕೆ ಹೋಗ್ಬೇಡ, ಮೊದಲು ಸಡಿಲ ಮಾಡು. ಕಾಲು ಸುತ್ತಿಗೇ ನಟ್ಟು ಕೈಗೆ ಬಂದ್ರೆ ಇಷ್ಟು ದಿನ ರಾಡ್ ಕೆಲಸಾನೇ ಮಾಡಿಲ್ಲ ಅಂತ, ಬಾಗಿರೋದಕ್ಕೆ ಅದೇ ಕಾರಣ ಇರ್ಬಹುದು, ನೆಕ್ ಮಟ್ಟಿಗೆ ಅಷ್ಟು ಹೆದರ್ಬೇಡ. ಆದ್ರೆ ನಟ್ಟು ಕಲ್ಲಿನಂಗೆ ಬಿಗಿಯಾಗಿದ್ದೂ ನೆಕ್ ಇನ್ನೂ ಬಾಗೇ ಇದೆ ಅಂದ್ರೆ ಆ ರಾಡಲ್ಲಿ ಇನ್ನೇನೂ ಉಳಿದಿಲ್ಲ, ಅಡ್ವಾನ್ಸ್ ಹೋದ್ರೆ ಹೋಗ್ಲಿ ಎದ್ದು ಬಾ. ನೆಕ್ ತಿರುಚಿಕೊಂಡಿದ್ರೂ ಅಷ್ಟೇ, ಬ್ರಿಡ್ಜ್ (ಬಾಡಿ ಮೇಲೆ ತಂತಿ ಕೂರೋ ಜಾಗ) ಕಡೆಯಿಂದ ಒಂದು ಕಣ್ಣು ಮುಚ್ಚಿ ನೋಡಿದ್ರೆ ಮೊದಲ್ನೇ ಫ್ರೆಟ್ಟೂ ಕೊನೇ ಫ್ರೆಟ್ಟೂ ಸಮಾನಾಂತರ ಕಾಣ್ಬೇಕು. ತಿರುಚಿದ್ದನ್ನ ಸಾದಾ ಟ್ರಸ್ ರಾಡ್ ಸರಿ ಮಾಡಲ್ಲ, ಮಾರೋನು ಏನೇ ಅಂದ್ರೂ.

ತಿರುಗಿಸೋದೇ ಆದ್ರೂ ಒಂದ್ಸಲಕ್ಕೆ ಕಾಲು ಸುತ್ತು, ತಂತಿ ಹಾಕಿ ಟ್ಯೂನ್ ಮಾಡಿ ಒಂದು ದಿನ ಬಿಡು. ವಾಪಸ್ ಸ್ಕ್ರೂ ಹಾಕುವಾಗ ಮೊದಲು ಉಲ್ಟಾ ತಿರುಗಿಸು, ಮರದಲ್ಲಿ ಮೊದ್ಲೇ ಇರೋ ಹಳೇ ಸುತ್ತಿನ ಗೆರೇಲಿ ಕುಳುಕ್ ಅಂತ ಕೂರುತ್ತೆ, ಆಮೇಲೆ ಬಿಗಿ ಮಾಡು. ನೇರವಾಗಿ ಬಿಗಿ ಮಾಡಿದ್ರೆ ಮರದಲ್ಲಿ ಹೊಸಾ ದಾರಿ ಕೊರ್ಕೊಂಡು ತೂತು ದೊಡ್ಡದಾಗುತ್ತೆ.

ನೆಕ್ ಬಿಚ್ಚಿದಾಗ ಹಿಮ್ಮಡಿ ಮೇಲೆ ತಿಂಗಳು, ವರ್ಷದ ಮುದ್ರೆ ಇದ್ಯಾ ನೋಡು. ಅರವತ್ತರ ದಶಕದ ಶುರುವಿನ ತನಕ ಪೆನ್ಸಿಲಲ್ಲಿ ಬರೀತಿದ್ರು, ಆಮೇಲೆ ಇಂಕ್ ಮುದ್ರೆ. ಅದು ನೆಕ್ಕಿನ ತಾರೀಖು ಮಾತ್ರ, ಇಡೀ ಗಿಟಾರಿಂದಲ್ಲ. ಸೀರಿಯಲ್ ನಂಬರ್ ತಾಳೆ ಆಯ್ತು ಅಂತ ಕುಣೀಬೇಡ, ಆಗ ನಂಬರ್ ಇದ್ದಿದ್ದು ನಾಲ್ಕು ಸ್ಕ್ರೂ ಹಾಕೋ ಪ್ಲೇಟ್ ಮೇಲೆ, ಪ್ಲೇಟ್ ಬಿಚ್ಚಿ ಇನ್ನೊಂದಕ್ಕೆ ಹಾಕೋಕೆ ಐದು ನಿಮಿಷ ಸಾಕು. ಪಿಕ್‌ಗಾರ್ಡ್ (ಬಾಡಿ ಮೇಲಿನ ತೆಳು ಹಲಗೆ) ಎತ್ತಿ ಪಾಟ್ ಬೆನ್ನಲ್ಲಿರೋ ನಂಬರ್ ನೋಡು. 1376638 ಅಂತಿದ್ರೆ 137 ಅಂದ್ರೆ ಪಾಟ್ ಮಾಡಿದ ಸಿಟಿಎಸ್ ಕಂಪನಿ, 66 ಅಂದ್ರೆ 1966ನೇ ವರ್ಷ, 38 ಅಂದ್ರೆ ಆ ವರ್ಷದ 38ನೇ ವಾರ. ಶುರುವಲ್ಲಿ 304 ಇದ್ರೆ ಸ್ಟ್ಯಾಕ್‌ಪೋಲ್ ಕಂಪನಿ. ಇದ್ರಲ್ಲೂ ಒಂದು ತೊಡಕಿದೆ, ಫೆಂಡರ್ 1966ರಲ್ಲಿ ಪಾಟ್ ರಾಶಿಗಟ್ಟಲೆ ತರಿಸಿ ಆಮೇಲೂ ಎರಡು ಮೂರು ವರ್ಷ ಬಳಸಿತ್ತು, ಹಂಗಾಗಿ ಗಿಟಾರ್ ಅದಕ್ಕಿಂತ ಹಿಂದಿಂದಲ್ಲ ಅಂತ ಮಾತ್ರ ತಿಳೀತದೆ, ಅದೂ ಪಾಟ್ ಬದಲಾಯಿಸಿಲ್ದಿದ್ರೆ. ಬೆಸುಗೆ ಮಂಕಾಗಿರ್ಬೇಕು, ವೈರಿಗೆ ಬಟ್ಟೆ ಹೊದಿಕೆ ಇರ್ಬೇಕು. ಬೆಸುಗೆ ಹೊಳೀತಿದ್ರೆ ಯಾರೋ ಕೈ ಆಡಿಸಿದ್ದಾರೆ.

ಇನ್ನೊಂದು, ನಿಜವಾದ '66 ಪ್ರಿಸಿಷನ್ನಿಗೆ ಹಲವಾರು ಲಕ್ಷ ಬೆಲೆ ಇದೆ. ಅದನ್ನ 65 ಸಾವಿರಕ್ಕೆ ಯಾಕಪ್ಪ ಕೊಡ್ತಾರೆ? ಆಮೇಲೆ ವಿದೇಶಕ್ಕೆ ಮಾರ್ತೀನಿ ಅನ್ನೋ ಲೆಕ್ಕಾನೂ ಬೇಡ, ಬೋರ್ಡ್ ಬ್ರೆಜಿಲ್ ರೋಸ್‌ವುಡ್ ಆಗಿದ್ರೆ 1992ರಿಂದ ಸೈಟಿಸ್ (ಅಪರೂಪದ ಗಿಡ, ಪ್ರಾಣಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ನಿರ್ಬಂಧ ಇದೆ, ಕಾಗದ ಪತ್ರ ಇಲ್ದೆ ಗಡಿ ದಾಟಲ್ಲ.

ಗಿಟಾರ್ ಕಂಪನಿ ಹೆಸರನ್ನೂ ಅಕ್ಷರ ಅಕ್ಷರ ಓದೋದು ಕಲೀರಿ ಎಲ್ರೂ. ಅಮೇರಿಕದ ಗಿಬ್ಸನ್ ಬೇರೆ ನಮ್ ದೇಶದ ಗಿವ್‌ಸನ್ ಬೇರೆ, ಜರ್ಮನಿಯ ಹಾಫ್ನರ್ ಬೇರೆ ನಮ್ ದೇಶದ ಹಾಬ್ನರ್ ಬೇರೆ. ನನ್ನ ಕೇಳಿದ್ರೆ ನಮ್ಮಂಥೋರ ದುಡ್ಡಿಗೆ ಎಂಬತ್ತರ ದಶಕದ ಜಪಾನ್ ಗಿಟಾರೇ ಸರಿ. ಯಮಹಾದ ಬಿಬಿ ಬೇಸ್ ಸಿಕ್ರೆ ಕಣ್ಣಿಗೊತ್ಕೊಂಡು ತಗೋ, 1982ರಲ್ಲಿ ಶುರುವಾದ ಸ್ಕ್ವಾಯರ್ (ಫೆಂಡರಿನದೇ ಇನ್ನೊಂದು ಬ್ರ್ಯಾಂಡ್) ಜೆವಿ ಸೀರೀಸ್ ಸಿಕ್ರೆ ನಂಗೂ ಒಂದು ಫೋನ್ ಮಾಡು. ಕೈ ಚಿಕ್ಕದಾಗಿರೋರು 34 ಇಂಚಿನ ಸ್ಕೇಲೇ (ತಂತಿ ಕಂಪಿಸೋ ಭಾಗದ ಉದ್ದ) ಬೇಕು ಅಂತ ಹಠ ಮಾಡ್ಬೇಡಿ, 30 ಇಂಚಿಂದೂ ಬೇಸೇ.

ತಂತಿ ವಿಷಯ. ಅಮೇರಿಕದ ಮೋಟೌನ್ ಕಂಪನಿಯ ರೆಕಾರ್ಡ್‌ಗಳಲ್ಲಿ ಬೇಸ್ ಬಾರಿಸಿದ ಜೇಮ್ಸ್ ಜೇಮರ್ಸನ್ 1962ರ ಪ್ರಿಸಿಷನ್ನಿಗೆ ಲಾ ಬೆಲ್ಲಾ ಕಂಪನಿಯ ಫ್ಲ್ಯಾಟ್‌ವೂಂಡ್ (ಚಪ್ಪಟೆ ಪಟ್ಟಿ ಸುತ್ತಿದ) ತಂತಿ ಹಾಕ್ತಿದ್ರು ಅಂತ ಓದಿ ನೀನೂ ಆ ದಪ್ಪ ಸೆಟ್ ತಂದು ಬಾಗಿದ ನೆಕ್ಕಿಗೆ ಏರಿಸ್ಬೇಡ, ಅದ್ರ ಎಳೆತ ಜಾಸ್ತಿ. ಮೊದಲು 45-105 ದಪ್ಪದ (ಇಂಚಿನ ಸಾವಿರದ ಭಾಗದ ಲೆಕ್ಕ) ತಂತಿ ಸೆಟ್ ಹಾಕಿ ಒಂದು ಮಳೆಗಾಲ ಕಳೀಲಿ.

ಪೆಂಡಾಲಲ್ಲಿ ಬಾರಿಸೋನು ಅಂತ ಬರ್ದಿದ್ದೀಯಲ್ಲ, ಅಲ್ಲಿ ಕರೆಂಟು ಕಂಬದಿಂದ ನೇರ ಎಳ್ದಿರ್ತಾರೆ, ಅರ್ತಿಂಗ್ ಇರಲ್ಲ. ಬೇಸ್ ತಂತಿ ಆಂಪ್ಲಿಫೈಯರಿನ ಅರ್ತಿಗೆ ಸೇರಿರುತ್ತೆ, ತಂತಿ ಹಿಡ್ಕೊಂಡು ತುಟಿ ಮೈಕಿಗೆ ತಾಗಿದ್ರೆ ಶಾಕ್ ಹೊಡೆಯುತ್ತೆ, ಜೀವಕ್ಕೇ ಅಪಾಯ. ಮೈಕ್ ಜಾಲರಿಗೂ ತಂತಿಗೂ ಟೆಸ್ಟರ್ ಮುಟ್ಟಿಸಿ ನೋಡ್ದೆ ಬಾರಿಸೋಕೆ ನಿಲ್ಬೇಡ. ಟೆಸ್ಟರ್ ಹತ್ತಿದ್ರೆ ಕರೆಂಟಿನೋರನ್ನ ಕರ್ದು ಸರಿ ಮಾಡಿಸೋ ತನಕ ಪ್ಲಗ್ ಹಾಕ್ಬೇಡ.

ಬಾಕಿ ದುಡ್ಡು ಈಗ್ಲೇ ಕೊಡ್ಬೇಡ. ನೆಕ್ ಬಿಚ್ಚೋಕೆ ಅವ್ರು ಒಪ್ತಾರಾ ಕೇಳು, ಒಪ್ದಿದ್ರೆ ಅಲ್ಲಿಗೇ ಗೊತ್ತಾಯ್ತಲ್ಲ. ಒಪ್ಪಿದ್ರೆ ಹಿಮ್ಮಡಿದು ಒಂದು, ನಟ್ಟಿಂದು ಒಂದು ಫೋಟೋ ಹಾಕು, ನಾನು ರಾತ್ರಿ ಒಂಬತ್ತರ ಮೇಲೆ ನೋಡ್ತೀನಿ.